ಕಲಿತದ್ದನ್ನು ಮರೆಯುವ ಮಗು

ಮಕ್ತಲ್ ಪರಿಸರದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕ ಬಂಧುಗಳೇ,

ನಿನ್ನೆ ಬರೆದ ಅಕ್ಷರವನ್ನು ಇಂದು ಬರೆಯಲಾರದ, ನಡೆಯುತ್ತ ಎಡವುವ ಮಗುವನ್ನು ಸೋಮಾರಿಯೆಂದು ಜರೆಯುವ ಮುನ್ನ ತುಸು ಯೋಚಿಸೋಣ. ಅದಕ್ಕೆ ಕಾರಣಗಳು ಹಲವು, ಎಚ್‌ಐವಿ ಅವುಗಳಲ್ಲೊಂದು. ತಾಯಿಯಿಂದ ಬಂದ ಈ ಸೋಂಕು ಚಿಕಿತ್ಸೆ ದೊರೆಯದಿದ್ದಲ್ಲಿ ಬೆಳೆಯುತ್ತಿರುವ ಮಿದುಳನ್ನೂ ಬಾಧಿಸಬಲ್ಲದು.

ಸೋಂಕನ್ನು ಖಚಿತಪಡಿಸುವುದು ರಕ್ತಪರೀಕ್ಷೆ. ಮಿದುಳಿಗಾದ ಹಾನಿಯನ್ನು ತೋರುವುದು ಸ್ಕ್ಯಾನ್. ಮಿದುಳಿನ ಆಳದಲ್ಲಿ ಶೇಖರವಾದ ಸುಣ್ಣದಂಶವು ಸಿ.ಟಿ. ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನರತಂತುಗಳ ಬಿಳಿಯ ಭಾಗದಲ್ಲಾದ ಬದಲಾವಣೆಯನ್ನು ಎಂ.ಆರ್.ಐ. ಹೆಚ್ಚು ಸೂಕ್ಷ್ಮವಾಗಿ ತೋರಿಸುತ್ತದೆ. ಮಿದುಳು ಕುಗ್ಗಿದ್ದರೆ ಎರಡರಲ್ಲಿಯೂ ಗೋಚರಿಸುತ್ತದೆ. ಆದರೆ ಬೇರೆ ರೋಗಗಳಲ್ಲಿಯೂ ಇಂಥ ಚಿಹ್ನೆಗಳಿರಬಹುದು. ಆರಂಭದಲ್ಲಿ ಚಿತ್ರವು ಸಹಜವಾಗಿಯೂ ಇರಬಹುದು.

ಆದ್ದರಿಂದಲೇ ನಮ್ಮ ಗಮನಿಕೆಗೆ ಬೆಲೆಯಿದೆ. ಜೂನ್‌ನಲ್ಲಿ ಓದುತ್ತಿದ್ದ ಮಗು ಡಿಸೆಂಬರ್‌ನಲ್ಲಿ ಓದಲಾರದೆಂಬುದನ್ನು ಬಲ್ಲವರು ನಾವು. ಕಂಡದ್ದನ್ನಷ್ಟೇ ದಿನಾಂಕಸಹಿತ ಬರೆದಿಟ್ಟು, ಪೋಷಕರಿಗೆ ಏಕಾಂತದಲ್ಲಿ ತಿಳಿಸಿ, ವೈದ್ಯರಲ್ಲಿಗೆ ಕಳುಹಿಸೋಣ; ರೋಗದ ಹೆಸರನ್ನು ನಾವು ಊಹಿಸುವುದು ಬೇಡ. ಸೋಂಕಿದೆಯೆಂದು ಶಿಕ್ಷಣವನ್ನು ನಿರಾಕರಿಸುವುದನ್ನು 2017ರ ಕಾಯಿದೆ ನಿಷೇಧಿಸಿದೆ; ಗೋಪ್ಯತೆಯನ್ನೂ ವಿಧಿಸಿದೆ. ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧ ಉಚಿತ. ಮಾಹಿತಿಗೆ 1097 ಸಹಾಯವಾಣಿಯಿದೆ.

ಚಿಕಿತ್ಸೆ ಬೇಗ ಆರಂಭವಾದಷ್ಟೂ ಮಿದುಳು ಉಳಿಯುತ್ತದೆ. ಅಲ್ಲಿಯವರೆಗೂ, ಅನಂತರವೂ, ಆ ಮಗುವಿನ ಸ್ಥಾನ ನಮ್ಮ ತರಗತಿಯಲ್ಲಿಯೇ.