ಮನೆಯಲ್ಲಿ ಏನಿದೆ?



ಚಿಂತೆ ಅಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗಳ ಫೀಸು, ಮಳೆ ಕಾಣದ ಹೊಲ, ಗಂಡನ ಕುಡಿತ, ವಾರ ತಪ್ಪದೆ ಬರುವ ಕಂತು. ಮನೆಯವರೆಲ್ಲ ಮಲಗಿದ ಮೇಲೂ ನಾವು ಸೂರು ನೋಡುತ್ತಾ ಎಚ್ಚರವಾಗಿರುತ್ತೇವೆ. ಆಗ ಒಳಗಿಂದ ಇನ್ನೊಂದು ಮಾತು ಏಳುತ್ತದೆ: "ನನ್ನ ಕೈಲಿ ಏನಾಗುತ್ತೆ? ನಾನು ಓದಿದವಳಲ್ಲ, ನನ್ನ ಹತ್ರ ಏನೂ ಇಲ್ಲ." ಚಿಂತೆಗಿಂತ ಈ ಮಾತೇ ನಮ್ಮನ್ನು ಹೆಚ್ಚು ಕುಗ್ಗಿಸುತ್ತದೆ.

ಪವಿತ್ರ ಬೈಬಲಿನಲ್ಲೂ ಹೀಗೆ ಹೇಳಿದ ಒಬ್ಬ ತಾಯಿ ಇದ್ದಾಳೆ. ಅರಸುಗಳ ಎರಡನೇ ಗ್ರಂಥ, 4ನೇ ಅಧ್ಯಾಯ. ಅವಳ ಹೆಸರನ್ನೂ ಬರೆದಿಲ್ಲ. ದೈವಭಕ್ತನಾದ ಗಂಡ ತೀರಿಕೊಂಡಿದ್ದಾನೆ, ಸಾಲ ಮಾತ್ರ ಉಳಿದಿದೆ. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬರುತ್ತಿದ್ದಾನೆ. ನಮ್ಮ ದೇಶದಲ್ಲಿ ಜೀತ ರದ್ದತಿ ಕಾಯಿದೆ ಬಂದದ್ದೇ 1976ರಲ್ಲಿ. ಹಾಗಾಗಿ ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರಿಗೆ ಇದು ಬರೀ ಕಥೆಯಾಗಿರಲಿಲ್ಲ.

ಅವಳು ಪ್ರವಾದಿ ಎಲೀಷನ ಬಳಿ ಹೋಗಿ ಗೋಳಾಡಿದಳು. ಅಳಬೇಡ ಎಂದು ಅವನು ಬುದ್ಧಿ ಹೇಳಲಿಲ್ಲ, ಹಣವನ್ನೂ ಕೊಡಲಿಲ್ಲ. ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳಿದ. ಮೊದಲು ಅವಳ ಬಾಯಿಗೆ ಬಂದದ್ದು "ಏನೂ ಇಲ್ಲ" ಅಂತಲೇ. ಅದರ ಬೆನ್ನಿಗೇ ಒಂದು ಪಾತ್ರೆ ಎಣ್ಣೆ ನೆನಪಾಯಿತು!

ಮುಂದಿನದು ನಮಗೆ ಬಹಳ ಇಷ್ಟ. ನೆರೆಹೊರೆಯವರಿಂದ ಖಾಲಿ ಪಾತ್ರೆಗಳನ್ನು ಕೇಳಿ ತಾ, ಒಂದೆರಡಲ್ಲ, ಆದಷ್ಟೂ ತಾ ಎಂದ ಎಲೀಷ. ಯೋಚಿಸಿ ನೋಡಿ. ಮನೆ ಮನೆಗೆ ಹೋಗಿ ಬಿಂದಿಗೆ, ತಪ್ಪಲೆ ಕೇಳುವುದೆಂದರೆ ತನ್ನ ಕಷ್ಟವನ್ನು ಊರಿಗೆಲ್ಲ ತಿಳಿಸಿದ ಹಾಗೆಯೇ. "ಜನ ಏನಂದ್ಕೋತಾರೆ" ಎಂದು ಅವಳು ಒಳಗೇ ಕೂರಬಹುದಿತ್ತು, ಆದರೆ ಕೂರಲಿಲ್ಲ. ಅವಳ ವಿಶ್ವಾಸ ನಮಗೆ ಕಾಣುವುದು ಅಲ್ಲೇ, ಎಣ್ಣೆ ಹರಿಯುವುದಕ್ಕಿಂತ ಮೊದಲೇ. ಆ ನೆರೆಯವರೂ ಬಡವರೇ ಇದ್ದಿರಬಹುದು, ಕೊಟ್ಟದ್ದು ಬರೀ ಖಾಲಿ ಪಾತ್ರೆ. ಬಾಗಿಲು ಹಾಕಿಕೊಂಡು ಮಕ್ಕಳ ಜೊತೆ ಎಣ್ಣೆ ಸುರಿಯುತ್ತಾ ಹೋದಳು. ಪಾತ್ರೆಗಳೆಲ್ಲ ತುಂಬಿ ಇನ್ನೊಂದು ಇಲ್ಲ ಎಂದಾಗ ಎಣ್ಣೆ ನಿಂತಿತು. ಅದನ್ನು ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಜೀವನ ಮಾಡು ಎಂದ ಪ್ರವಾದಿ. ವ್ಯಾಪಾರ ಅವಳೇ ಮಾಡಬೇಕಾಯಿತು.

ಆಕಾಶದ ಪಕ್ಷಿಗಳನ್ನು ನೋಡಿರಿ ಎಂದು ಪ್ರಭು ಯೇಸು ಹೇಳಿದ್ದು ನಿಮಗೆ ಗೊತ್ತೇ ಇದೆ. ಪಕ್ಷಿಯೂ ಗೂಡು ಬಿಟ್ಟು ಹಾರಲೇಬೇಕಲ್ಲ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ದೇವರನ್ನು ನೀವು ಯಾವ ಹೆಸರಿನಿಂದ ಕರೆದರೂ, ಈ ತಾಯಿಯ ಸಂಕಟ ನಿಮಗೂ ಪರಿಚಯದ್ದೇ. ಈಚೆಗೆ ಮೈಕ್ರೋಫೈನಾನ್ಸ್ ಸಾಲಕ್ಕೆ ಹೆದರಿ ಊರು ಬಿಟ್ಟವರನ್ನು ನಾವು ನೋಡಿದ್ದೇವೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಈ ಸಾಲದ ವಸೂಲಿಗೆ ಕರೆ ಮಾಡಬಾರದು, ಬೈಯಬಾರದು, ಬೆದರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲೂ ಕಾನೂನು ಬಂತು. ಇದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಆದರೆ ಕಂತು ಕಟ್ಟಲಾಗದ ವಿಷಯವನ್ನು ಮುಚ್ಚಿಟ್ಟ ಸದಸ್ಯೆಗೆ ಇದನ್ನು ಯಾರು ಹೇಳಬೇಕು? ಅವಳು ಬಾಯಿ ಬಿಟ್ಟರೆ ತಾನೇ ಸಂಘ ಅವಳ ಜೊತೆ ನಿಲ್ಲುವುದು.

ಇನ್ನೊಂದು ಮಾತು. ಪ್ರಾರ್ಥನೆ ಮಾಡಿದರೂ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದರೆ ಅದನ್ನು ವಿಶ್ವಾಸದ ಕೊರತೆ ಎನ್ನಬೇಡಿ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಜೊತೆಗೆ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ.

ಈಗ ಎರಡು ನಿಮಿಷ ಕಣ್ಣು ಮುಚ್ಚಿ ಕುಳಿತು, ನಮ್ಮ ನಮ್ಮ ಮನೆಯಲ್ಲಿ ಏನಿದೆ ಎಂದು ದೇವರ ಮುಂದೆ ನೆನೆಯೋಣ. ಹೊಲಿಗೆ ಬರುತ್ತದೆಯೇ, ಒಂದು ಹಸು ಇದೆಯೇ, ಲೆಕ್ಕ ಬರೆಯಲು ಬರುತ್ತದೆಯೇ, ಬೇರೆಯವರ ಕಷ್ಟ ಕೇಳುವ ತಾಳ್ಮೆ ಇದೆಯೇ? ಆಮೇಲೆ ಒಬ್ಬೊಬ್ಬರಾಗಿ ಹೇಳೋಣ. ಉಳಿತಾಯದ ಪುಸ್ತಕ ಅದಾದ ಮೇಲೆ ತೆಗೆದರಾಯಿತು.