ಬಲವೂ ಬೇಕು, ಮಿತಿಯೂ ಬೇಕು



2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಅದಕ್ಕೆ ಉತ್ತರವಾಗಿ ಮೇ 7ರಂದು ಭಾರತ ಪಾಕಿಸ್ತಾನದಲ್ಲಿನ ಉಗ್ರರ ನೆಲೆಗಳ ಮೇಲೆ 'ಆಪರೇಷನ್ ಸಿಂಧೂರ' ಎಂಬ ದಾಳಿ ನಡೆಸಿತು. ಅಣ್ವಸ್ತ್ರವಿರುವ ದೇಶದ ಮೇಲೆ ಕೈ ಮಾಡುವುದು ಸರಿಯೇ ಎಂಬ ಪ್ರಶ್ನೆ ನಮ್ಮ ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಮನೆಗೂ ಸೇರಿದ್ದು. ಗಡಿ ದೂರವಿರಬಹುದು, ಗಡಿ ಕಾಯುವ ಮಕ್ಕಳು ಇಲ್ಲಿಯವರೂ ಹೌದು. 2024ರ ಡಿಸೆಂಬರ್‌ನಲ್ಲಿ ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಉರುಳಿದಾಗ ಕುಂದಾಪುರ ತಾಲೂಕಿನ ಯೋಧರೊಬ್ಬರೂ ಪ್ರಾಣ ಕಳೆದುಕೊಂಡರು.

ಅಣುಬಾಂಬಿನ ಭಯಕ್ಕೆ ಸುಮ್ಮನಿದ್ದರೆ ಕೊಲೆಗಡುಕರಿಗೆ ಅದೇ ರಕ್ಷಾಕವಚವಾಗುತ್ತದೆ. ಹಾಗೆಂದು ಸೇಡಿಗೆ ಕೊನೆಯಿಲ್ಲದಿದ್ದರೆ ಉಳಿಯುವುದು ಬೂದಿ ಮಾತ್ರ. ಬಲಕ್ಕೆ ಮಿತಿ ಹಾಕಿಕೊಳ್ಳಬಹುದು ಎಂಬುದಕ್ಕೆ ಉದಾಹರಣೆಯಿದೆ. ಭಾರತ, ಪಾಕಿಸ್ತಾನ ಎರಡೂ ಅಣ್ವಸ್ತ್ರ ಪರೀಕ್ಷೆ ಮಾಡಿದ ಮರುವರ್ಷ, 1999ರಲ್ಲಿ, ಕಾರ್ಗಿಲ್ ಯುದ್ಧ ನಡೆಯಿತು. ಭಾರತ ನಿಯಂತ್ರಣ ರೇಖೆ ದಾಟದೆಯೇ ಗೆದ್ದಿತು. 2025ರಲ್ಲಿಯೂ ಮೇ 10ರಂದೇ ಗುಂಡಿನ ಸದ್ದು ನಿಲ್ಲಿಸಲು ಒಪ್ಪಂದವಾಯಿತು. ಅಷ್ಟರೊಳಗೆ ಪೂಂಛ್‌ನಲ್ಲಿ ಶೆಲ್ ದಾಳಿಗೆ ಅಮಾಯಕರು ಬಲಿಯಾಗಿದ್ದರು. ಆ ಬೆಲೆಯನ್ನು ಮರೆಯಬಾರದು.

ಹಗೆತನದ ನಡುವೆಯೂ ಒಂದು ವಿವೇಕ ಉಳಿದಿದೆ. 1988ರ ಒಪ್ಪಂದದಂತೆ ಎರಡೂ ದೇಶಗಳು ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವಂತಿಲ್ಲ. ಪ್ರತಿ ಜನವರಿ 1ರಂದು ಅವುಗಳ ಪಟ್ಟಿ ವಿನಿಮಯವಾಗುತ್ತದೆ. ಕೈಗಾ ಸ್ಥಾವರ ಇರುವ ಈ ಕರಾವಳಿಗೆ ಆ ಒಪ್ಪಂದದ ಬೆಲೆ ಗೊತ್ತು.

ಸ್ಪಷ್ಟ ಗುರಿ, ಜನಸಾಮಾನ್ಯರ ರಕ್ಷಣೆ, ನಿಲ್ಲಿಸುವ ದಾರಿ: ಈ ಮೂರೂ ಇದ್ದರೆ ಮಾತ್ರ ಸೇನಾ ಕಾರ್ಯಾಚರಣೆ ನ್ಯಾಯ. ಯೋಧರನ್ನು ಗೌರವಿಸೋಣ, ಯುದ್ಧವನ್ನು ಸಂಭ್ರಮಿಸದಿರೋಣ.