ವೈದ್ಯನ ವಿದ್ಯೆಯೂ ದಾದಿಯ ವಿದ್ಯೆಯೂ

(ಹಾನಗಲ್ಲಿನಲ್ಲಿ ಕೂಡಿದ್ದ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಿಂದ ತಾವು ಬಿಡುವು ಮಾಡಿಕೊಂಡು ಬಂದು ಕೂಡಿರುವುದನ್ನು ಕಂಡು ನಮಗೆ ಬಹಳ ಸಂತೋಷವಾಗಿದೆ. ಇಂದು ನಾವು ಆರಿಸಿಕೊಂಡ ವಿಷಯವು ಕೆಲವರಿಗೆ ಸಣ್ಣದೆಂದು ತೋರಬಹುದು. ಮನೆಯಲ್ಲಿ ಯಾರಾದರೂ ಜಡ್ಡು ಬಿದ್ದಾಗಲ್ಲದೆ ದವಾಖಾನೆಯ ನೆನಪು ನಮಗೆ ಬರುವುದಿಲ್ಲ. ಬಂದಾಗಲೂ ವೈದ್ಯರ ಹೆಸರನ್ನು ವಿಚಾರಿಸುತ್ತೇವೆಯೇ ಹೊರತು ದಾದಿಯ ಹೆಸರನ್ನು ಯಾರೂ ವಿಚಾರಿಸುವುದಿಲ್ಲ.

ಕೆಲವು ದಿನಗಳ ಹಿಂದೆ ಶಿಕ್ಷಕ ಮಿತ್ರರೊಬ್ಬರು ನಮಗೊಂದು ಸಂಗತಿಯನ್ನು ಹೇಳಿದರು. ಅವರ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನ ವಿಷಯದಲ್ಲಿ ಒಳ್ಳೆಯ ಗುಣಗಳನ್ನು ಪಡೆದು ಉತ್ತೀರ್ಣಳಾದಳು. ದಾದಿಯರ ವಿದ್ಯೆಯನ್ನು ಕಲಿಯಬೇಕೆಂದು ಅವಳ ಮನಸ್ಸು. ಮನೆಯವರು ಮಾತ್ರ, “ಡಾಕ್ಟರಳಾಗುವುದಿದ್ದರೆ ಆಗು, ನರ್ಸಬಾಯಿಯಾಗುವುದು ಮಾತ್ರ ಬೇಡ” ಎಂದರಂತೆ. ಹುಡುಗಿ ಸುಮ್ಮನಾದಳು. ಮಹಾಜನರೇ, ಆ ಒಂದು ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳು ಅಡಗಿವೆ. ದಾದಿಯೆಂದರೆ ಅರ್ಧ ಕಲಿತ ವೈದ್ಯಳೆಂಬುದು ಒಂದು. ರೋಗಿಯ ಮೈಯನ್ನು ಮುಟ್ಟಿ ತೊಳೆದು ಒರೆಸುವುದು ಮರ್ಯಾದೆಗೆ ಕುಂದೆಂಬುದು ಇನ್ನೊಂದು. ಇವೆರಡನ್ನೂ ಇಂದು ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲು ವಿದ್ಯೆಯ ವಿಚಾರ. ವೈದ್ಯನಾಗುವವನು ಹನ್ನೆರಡನೆಯ ತರಗತಿಯ ತರುವಾಯ ಅಖಿಲ ಭಾರತದ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ತೇರ್ಗಡೆಯಾಗಬೇಕು. ಅನಂತರ ನಾಲ್ಕೂವರೆ ವರ್ಷಗಳ ವ್ಯಾಸಂಗ, ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ. ಶರೀರದ ರಚನೆ, ಅದರ ವ್ಯಾಪಾರ, ರೋಗದ ಮೂಲ, ಔಷಧಗಳ ಗುಣ, ಶಸ್ತ್ರಚಿಕಿತ್ಸೆ, ಪ್ರಸೂತಿ ಇವನ್ನೆಲ್ಲ ಅವನು ಕಲಿಯುತ್ತಾನೆ. ಒಂದು ವಿಷಯದಲ್ಲಿ ತಜ್ಞನಾಗಬೇಕಾದರೆ ಇನ್ನೂ ಮೂರು ವರ್ಷ ಬೇಕು.

ದಾದಿಯ ವಿದ್ಯೆಗೆ ಒಂದೇ ಬಾಗಿಲಿಲ್ಲ. ಎರಡು ವರ್ಷಗಳ ಸಹಾಯಕ ದಾದಿಯ ಶಿಕ್ಷಣವಿದೆ. ನಮ್ಮ ಹಳ್ಳಿಗಳ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಬಸಿರಿ ಹೆಂಗಸರ ಮನೆಮನೆಗೆ ಹೋಗಿ ವಿಚಾರಿಸುವ ನರ್ಸಮ್ಮನು ಬಹುಮಟ್ಟಿಗೆ ಈ ಬಾಗಿಲಿನಿಂದ ಬಂದವಳು. ಮೂರು ವರ್ಷಗಳ ಜಿ.ಎನ್.ಎಂ. ಶಿಕ್ಷಣವಿದೆ. ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಯಿದೆ, ಅದರ ಮೇಲೆ ಎರಡು ವರ್ಷಗಳ ಎಂ.ಎಸ್‌ಸಿ.ಯೂ, ಮುಂದೆ ಪಿಎಚ್.ಡಿ.ಯೂ ಉಂಟು. ಪದವಿಯ ಪಾಠಪಟ್ಟಿಯಲ್ಲಿ ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರಶಾಸ್ತ್ರ, ಮನಶ್ಶಾಸ್ತ್ರ, ಶಿಶುಪಾಲನೆ, ಪ್ರಸೂತಿ, ಸಮುದಾಯದ ಆರೋಗ್ಯ ಎಲ್ಲವೂ ಸೇರಿವೆ. ಇದನ್ನು ಅರ್ಧ ವಿದ್ಯೆಯೆಂದು ಕರೆಯುವವರು ಆ ಪಾಠಪಟ್ಟಿಯನ್ನು ಒಮ್ಮೆಯಾದರೂ ಓದಲಿ ಎಂದು ನಮ್ಮ ಬಿನ್ನಹ.

ಹಾಗಾದರೆ ಭೇದವೆಲ್ಲಿದೆ? ವೈದ್ಯನ ವಿದ್ಯೆಯು ರೋಗವನ್ನು ಹಿಡಿದು ಹೊರಟರೆ ದಾದಿಯ ವಿದ್ಯೆಯು ರೋಗಿಯನ್ನು ಹಿಡಿದು ಹೊರಡುತ್ತದೆ. ಇದು ಯಾವ ರೋಗ, ಏಕೆ ಬಂತು, ಯಾವ ಔಷಧ ಕೊಡಬೇಕು, ಕೊಯ್ಯಬೇಕೋ ಬೇಡವೋ ಎಂದು ನಿರ್ಣಯಿಸುವವನು ವೈದ್ಯನು. ಆ ನಿರ್ಣಯದ ಹೊಣೆ ಕಾಯದೆಯ ಪ್ರಕಾರವೂ ಅವನದೇ. ಆ ಔಷಧವು ಸರಿಯಾದ ರೋಗಿಗೆ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಮಾರ್ಗದಲ್ಲಿ, ಸರಿಯಾದ ಹೊತ್ತಿಗೆ ಮುಟ್ಟಿತೇ ಎಂದು ನೋಡುವವಳು ದಾದಿ. ಎದ್ದೇಳಲಾರದ ರೋಗಿಯನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನಿಗೆ ಹುಣ್ಣು ಬೀಳುತ್ತದೆ; ಆ ಹುಣ್ಣಿನಿಂದಲೇ ನಂಜೇರಿ ಜೀವ ಹೋದ ಉದಾಹರಣೆಗಳುಂಟು. ಕೈ ತೊಳೆಯದೆ ಒಬ್ಬರ ಗಾಯದಿಂದ ಇನ್ನೊಬ್ಬರ ಗಾಯಕ್ಕೆ ಹೋದರೆ ಅತ್ಯುತ್ತಮ ಶಸ್ತ್ರವೈದ್ಯನ ಕೆಲಸವೂ ಮಣ್ಣುಪಾಲು. ವೈದ್ಯನು ರೋಗಿಯ ಬಳಿ ದಿನಕ್ಕೆ ಕೆಲವೇ ನಿಮಿಷಗಳಿರುತ್ತಾನೆ. ದಾದಿಯು ಹಗಲಿರುಳೂ ಇರುತ್ತಾಳೆ.

ನಮ್ಮ ಮನೆಯ ಅನುಭವವನ್ನೇ ಹೇಳುತ್ತೇವೆ. ನಮ್ಮ ಹಿರಿಯರೊಬ್ಬರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ವೈದ್ಯರು ಕೆಲಸವನ್ನು ಚೆನ್ನಾಗಿಯೇ ಮಾಡಿ ಮುಗಿಸಿದರು. ನಾವೆಲ್ಲ ಗಂಡಾಂತರ ಕಳೆಯಿತೆಂದು ತಿಳಿದೆವು. ಎರಡನೆಯ ರಾತ್ರಿ ಹೊತ್ತು ಮೀರಿದ ಮೇಲೆ ಅವರು ಸುಖವಾಗಿ ನಿದ್ರಿಸುತ್ತಿರುವರೆಂದೇ ನಮಗೆ ತೋರಿತು. ದಾದಿಯು ಬಂದು ಕೈ ಮುಟ್ಟಿ ನೋಡಿದಳು: ಮೈ ತಣ್ಣಗೆ ಬೆವರುತ್ತಿತ್ತು, ನಾಡಿ ಓಡುತ್ತಿತ್ತು, ರಕ್ತದ ಒತ್ತಡ ಇಳಿಯುತ್ತಿತ್ತು. ಒಳಗೆ ರಕ್ತ ಸೋರುತ್ತಿರಬಹುದೆಂದು ಶಂಕಿಸಿ ಅವಳು ಒಡನೆಯೇ ವೈದ್ಯರನ್ನು ಕರೆಯಿಸಿದಳು. ಅವರು ಬಂದು ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿದರು; ಹಿರಿಯರು ಬದುಕಿದರು. ಬದುಕಿಸಿದವರು ಯಾರು? ವೈದ್ಯರ ಕೈಯಿಲ್ಲದಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ; ದಾದಿಯ ಕಣ್ಣಿಲ್ಲದಿದ್ದರೆ ವೈದ್ಯರು ಬರುತ್ತಲೇ ಇರಲಿಲ್ಲ. ಆ ರಾತ್ರಿ ಆ ಒಬ್ಬಳ ಪಾಲಿಗೆ ನಲವತ್ತಕ್ಕೂ ಹೆಚ್ಚು ರೋಗಿಗಳಿದ್ದರೆಂಬುದನ್ನು ಆಮೇಲೆ ಎಣಿಸಿ ನೋಡಿ ನಾವು ನಡುಗಿದೆವು. ಅವಳು ನಮ್ಮ ಹಾಸಿಗೆಯ ಬಳಿಗೆ ಅರ್ಧ ತಾಸು ತಡವಾಗಿ ಬಂದಿದ್ದರೆ ಆ ತಪ್ಪನ್ನು ಯಾರ ಮೇಲೆ ಹೊರಿಸಬಹುದಿತ್ತು?

ಈ ವಿವೇಕವು ನಮ್ಮ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುತ್ತದೆ. ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ಪರಿಚಾರಕನ ನಾಲ್ಕು ಗುಣಗಳು. ವೈದ್ಯನೇ ಪ್ರಧಾನನೆಂದು ಚರಕನು ಒಪ್ಪುತ್ತಾನೆ. ಆದರೂ ಪರಿಚಾರಕನನ್ನು ಆಳೆಂದು ಬಗೆಯದೆ ಪಾದವೆಂದು ಎಣಿಸಿದ್ದಾನೆ. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲು ಗಿಡ್ಡವಾದರೆ ಅದರ ಮೇಲೆ ಮಲಗುವವರ ಪಾಡೇನು?

ಪಶ್ಚಿಮದಲ್ಲಿ ಈ ವಿದ್ಯೆಗೆ ಶಾಸ್ತ್ರದ ರೂಪವನ್ನು ಕೊಟ್ಟವಳು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಆಸ್ಪತ್ರೆಗೆ ಹೋದಾಗ, ಗಾಯದಿಂದ ಸಾಯುವ ಸೈನಿಕರಿಗಿಂತ ಹೊಲಸಿನಿಂದ ಹುಟ್ಟಿದ ರೋಗಗಳಿಂದ ಸಾಯುವವರೇ ಹೆಚ್ಚೆಂಬುದನ್ನು ಅವಳು ಕಂಡಳು. ಅಂಕಿಸಂಖ್ಯೆಗಳಿಂದ ಅದನ್ನು ತೋರಿಸಿಕೊಟ್ಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಶಾಲೆ ಆರಂಭವಾಯಿತು. ಅವಳು ಸಿರಿವಂತರ ಮಗಳು. ಮನೆಯವರು ಅವಳಿಗೂ ಈ ಕೆಲಸ ಬೇಡವೆಂದೇ ಹೇಳಿದ್ದರು. ನಮ್ಮ ದೇಶದಲ್ಲಿ 1871ರಲ್ಲಿ ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಮೊದಲಾಯಿತು. ದಾದಿಯರ ಪದವಿ ಶಿಕ್ಷಣವು 1946ರಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಆರಂಭವಾಯಿತು. ಮುಂಬಯಿಯ ಗ್ರಾಂಟ್ ವೈದ್ಯಕೀಯ ವಿದ್ಯಾಲಯವು 1845ರಲ್ಲಿಯೇ ಹುಟ್ಟಿತ್ತೆಂಬುದನ್ನು ನೆನೆದರೆ, ದಾದಿಗೆ ಪದವಿ ಕೊಡಲು ನಮಗೆ ಇನ್ನೂ ನೂರು ವರ್ಷ ಬೇಕಾಯಿತು.

ಅದರ ಫಲವೇನಾಯಿತು? 1946ರಲ್ಲಿ ಹೊರಬಂದ ಭೋರ್ ಸಮಿತಿಯ ವರದಿಯನ್ನು ನೋಡಿರಿ. ಆಗಿನ ಬ್ರಿಟಿಶ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ! ಒಬ್ಬ ವೈದ್ಯನಿಗೆ ಹಲವು ದಾದಿಯರಿರಬೇಕಾದಲ್ಲಿ ಒಬ್ಬ ದಾದಿಗೆ ಆರೇಳು ವೈದ್ಯರು. ಸೈನ್ಯವಿಲ್ಲದ ಸೇನಾಪತಿಗಳೆಂದರೆ ಇವರೇ. ಅಂದಿಗಿಂತ ಇಂದು ಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೆ ಅಂದು ಆ ಕೊರತೆಯನ್ನು ಹುಟ್ಟಿಸಿದ ಮನೋಭಾವವು ಇನ್ನೂ ನಮ್ಮ ಮನೆಗಳಲ್ಲಿ ಉಳಿದಿದೆ.

ನಮ್ಮ ಈ ನಾಲ್ಕು ತಾಲೂಕುಗಳ ಮಟ್ಟಿಗೆ ನೋಡಿದರೆ, 1948ರ ವರೆಗೆ ಸವಣೂರು ನವಾಬರ ಸಂಸ್ಥಾನ. ಉಳಿದವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಭಾಗ. 1924ರಲ್ಲಿ ಆರಂಭವಾದ ಮೈಸೂರಿನ ವೈದ್ಯಕೀಯ ವಿದ್ಯಾಲಯವು ಕನ್ನಡಿಗರದೇ ಆದರೂ ಬೇರೊಂದು ರಾಜ್ಯದ್ದು. ವೈದ್ಯನಾಗಬಯಸುವ ನಮ್ಮ ಹುಡುಗನು ಪುಣೆ ಮುಂಬಯಿಗಳ ದಾರಿ ಹಿಡಿಯಬೇಕಾಗುತ್ತಿತ್ತು. 1956ರ ನವೆಂಬರ 1ರಂದು ನಾಡು ಒಂದಾಯಿತು. ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ವಿದ್ಯಾಲಯ ತೆರೆಯಿತು. ಹಾವೇರಿಯು 1997ರಲ್ಲಿ ಬೇರೆ ಜಿಲ್ಲೆಯಾಯಿತು. ಇತ್ತೀಚೆಗೆ ಅಲ್ಲಿಯೂ ಸರಕಾರಿ ವೈದ್ಯಕೀಯ ವಿದ್ಯಾಲಯ ಬಂದಿದೆ. ಇದೆಲ್ಲ ಹರ್ಷದ ಸಂಗತಿ. ಆದರೆ ಹಳ್ಳಿಯ ರೋಗಿಯ ಬಳಿಗೆ ಮೊದಲು ಬರುವವರು ಯಾರು? 2018ರಿಂದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸುವ ಯೋಜನೆ ನಡೆದಿದೆ. ಅವರಲ್ಲಿ ಬಹುಜನರು ದಾದಿಯರ ಪದವೀಧರರು. ರಕ್ತದೊತ್ತಡ, ಸಿಹಿಮೂತ್ರಗಳನ್ನು ಪರೀಕ್ಷಿಸುವುದು, ಗೊತ್ತುಪಡಿಸಿದ ಔಷಧಗಳನ್ನು ಕೊಡುವುದು, ಮೀರಿದ್ದನ್ನು ವೈದ್ಯರ ಕಡೆಗೆ ಕಳಿಸುವುದು ಅವರ ಕೆಲಸ. ದಾದಿಯು ವೈದ್ಯನ ಆಜ್ಞೆಗಾಗಿ ಕೈಕಟ್ಟಿ ನಿಲ್ಲುವವಳೆಂಬ ಕಾಲ ಹೀಗೆ ಸರಿಯುತ್ತಲಿದೆ.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಹಿರೇಕೆರೂರಿನ ಮುದುಕಿಯೊಬ್ಬಳು “ಎದಿ ಹಿಡದಂಗ ಆಗತೈತಿ, ಕಣ್ಣಿಗೆ ಕತ್ತಲಿ ಬರತೈತಿ” ಎಂದರೆ ಅದರ ತೂಕ ಆ ಸೀಮೆಯವರಿಗೆ ಒಮ್ಮೆಲೇ ತಿಳಿಯುತ್ತದೆ. ಬಹುಕಾಲ ನಮ್ಮ ಆಸ್ಪತ್ರೆಗಳಲ್ಲಿ ಕೇರಳದ ಸೋದರಿಯರು ದುಡಿದಿದ್ದಾರೆ. ಕನ್ನಡವನ್ನು ಕಲಿತು ನಮ್ಮವರ ಮಲಮೂತ್ರಗಳನ್ನು ಎತ್ತಿದ್ದಾರೆ. ಅವರ ಋಣ ದೊಡ್ಡದು. ಆದರೆ ನಮ್ಮ ಮನೆಯ ಜಡ್ಡಿಗೆ ಸದಾ ನೆರೆಮನೆಯ ಮಕ್ಕಳೇ ದುಡಿಯಲೆಂದು ಕುಳಿತರೆ ಅದು ಮರ್ಯಾದೆಯೆನಿಸೀತೇ? ಪಠ್ಯವೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಹಳ್ಳಿಯ ಶಾಲೆಯಿಂದ ಬಂದ ಮಕ್ಕಳು ಮೊದಲ ವರ್ಷವೇ ಎದೆಗುಂದುವರು. ಅವರಿಗಾಗಿ ಶುಶ್ರೂಷಾಶಾಸ್ತ್ರದ ಒಳ್ಳೆಯ ಕನ್ನಡ ಪುಸ್ತಕಗಳನ್ನು ಬರೆಯುವುದು ವಿದ್ವಾಂಸರು ಮಾಡಬೇಕಾದ ನಾಡಸೇವೆ.

ಮೈಮುಟ್ಟುವುದು ಕೀಳೆನ್ನುವವರಿಗೆ ಒಂದೇ ಉತ್ತರ. ತಾಯಿ ಮಗುವಿಗೆ ಮಾಡುವುದು ಅದನ್ನೇ ಅಲ್ಲವೇ? ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರು ಶಾಲೆಯ ಮುಖವನ್ನೇ ಕಾಣದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ರಾಷ್ಟ್ರವು ಅವರಿಗೆ ಪದ್ಮಶ್ರೀಯನ್ನಿತ್ತು ತಲೆಬಾಗಿತು. ಆ ಕೈಗೆ ಶಾಸ್ತ್ರವೂ ಕೂಡಿದರೆ ಎಂಥ ಬಲ ಬಂದೀತು! ಇದು ಹೆಣ್ಣುಮಕ್ಕಳ ಪಾಲಿನದಷ್ಟೇ ಕೆಲಸವೆಂದೂ ತಿಳಿಯಬೇಡಿರಿ. ಗಂಡುಮಕ್ಕಳೂ ಈ ವಿದ್ಯೆಗೆ ಬರುತ್ತಿದ್ದಾರೆ, ಇನ್ನೂ ಬರಲಿ.

ಶಿಕ್ಷಕ ಬಂಧುಗಳೇ, ತಮ್ಮಲ್ಲಿ ನಮ್ಮ ಪ್ರಾರ್ಥನೆಯಿಷ್ಟೇ. ವೈದ್ಯರಾಗಬಲ್ಲವರು ವೈದ್ಯರಾಗಲಿ; ಆದರೆ ದಾದಿಯಾಗುವೆನೆಂಬ ವಿದ್ಯಾರ್ಥಿಗೆ “ಅಷ್ಟೇ ಏಕೆ?” ಎಂದು ಕೇಳಬೇಡಿರಿ. ಪಾಲಕರ ಮನೆಗೆ ಹೋಗಿ ಎರಡು ಮಾತು ಹೇಳಿರಿ. ಪಟ್ಟಣದ ಮಹಾಜನರು ದಾದಿಯರಿಗೆ ನ್ಯಾಯವಾದ ಸಂಬಳವೂ ಸುರಕ್ಷಿತ ವಸತಿಯೂ ದೊರೆಯುವಂತೆ ದನಿಯೆತ್ತಲಿ; ಬರಿಯ ಹೊಗಳಿಕೆಯಿಂದ ಯಾರ ಹೊಟ್ಟೆಯೂ ತುಂಬದು. ಆರಂಭದಲ್ಲಿ ನಾವು ಹೇಳಿದ ಆ ಹುಡುಗಿ ಇನ್ನೂ ಮನೆಯಲ್ಲಿಯೇ ಇದ್ದಾಳಂತೆ. ಪ್ರವೇಶದ ಕಾಲ ಮೀರುವ ಮುಂಚೆ ಅವಳ ತಂದೆಯನ್ನು ಕಾಣಲು ಆ ಶಿಕ್ಷಕ ಮಿತ್ರರೊಡನೆ ನಾವೂ ಹೋಗಬೇಕೆಂದಿದ್ದೇವೆ. ತಮ್ಮಲ್ಲಿ ಯಾರಾದರೂ ಜತೆಗೆ ಬಂದರೆ ನಮ್ಮ ಮಾತಿಗೆ ಬಲ ಬಂದೀತು.